ಗೋಧಿಮನೆಯ ಎರಡನೇ ಒಲೆ

ನಮ್ಮೂರಲ್ಲಿ ಬಡಿಸುವವರು ತಟ್ಟೆ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಹೊರಗಿನಿಂದ ಬಂದ ನೆಂಟರು ಮೊದಲ ದಿನ ಇದನ್ನು ಕಂಡು ಮುಸಿಮುಸಿ ನಗುತ್ತಾರೆ, ಎರಡನೇ ದಿನ ತಾವೂ ಕಣ್ಣಂಚಿನಲ್ಲಿ ಗೋಡೆ ನೋಡತೊಡಗುತ್ತಾರೆ. ಪ್ರತಿ ಮನೆಯ ಊಟದ ಕೋಣೆಗೂ ಪೂರ್ವಕ್ಕೆ ಒಂದು ದೊಡ್ಡ ಕಿಟಕಿ, ಅದರ ಎದುರಿಗೆ ಸುಣ್ಣ ಬಳಿದ ಖಾಲಿ ಗೋಡೆ. ಬೆಳಗಿನ ಬಿಸಿಲು ಒಳಗೆ ಬಂದು ಗೋಡೆಯನ್ನು ಮುಟ್ಟುವ ಹೊತ್ತಿಗೆ ನಾವು ಊಟಕ್ಕೆ ಕೂರುತ್ತೇವೆ, ನಮ್ಮ ನೆರಳೂ ಗೋಡೆಯ ಮೇಲೆ ಸಾಲಾಗಿ ಕೂರುತ್ತದೆ. ನಾವು ತುತ್ತೆತ್ತಿದರೆ ಅದೂ ಎತ್ತುತ್ತದೆ. ಆದರೆ ತಟ್ಟೆಯಲ್ಲಿರುವುದು ಮೈಗೆ ಒಗ್ಗದ ಪದಾರ್ಥವಾದರೆ ನೆರಳು ಎತ್ತುವುದಿಲ್ಲ. ನಮ್ಮ ಕೈ ಬಾಯಿಗೆ ಹೋಗಿಬಂದರೂ ಅದರ ಕೈ ಮಂಡಿಯ ಮೇಲೇ ಇರುತ್ತದೆ. ಯಾಕೆ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಮೋಡ ಕವಿದ ದಿನ ಬಾಳೆಹಣ್ಣು ತಿಂದು ಸುಮ್ಮನಿರುತ್ತೇವೆ. ಬಾಳೆಹಣ್ಣನ್ನು ಬೇಡವೆಂದ ನೆರಳನ್ನು ನಾನಂತೂ ಈವರೆಗೆ ಕಂಡಿಲ್ಲ.

ಮನೆಗಳಿಗೆ ಹೆಸರು ಬಂದದ್ದೂ ಹೀಗೆಯೇ. ಗೋಧಿಮನೆ, ಜೋಳದಮನೆ, ರಾಗಿಮನೆ, ನವಣೆಮನೆ. ಬೇಳೆ, ಕಾಯಿಪಲ್ಲೆ ಎಲ್ಲರೂ ಬೇಯಿಸಬಹುದು, ಆದರೆ ಒಂದು ಮನೆಗೆ ಒಂದೇ ಒಲೆ, ಒಂದು ಒಲೆಗೆ ಒಂದೇ ಕಾಳು. ಎರಡು ಕಾಳು ಬೆಂದ ಮನೆಯಲ್ಲಿ ಎಲ್ಲರ ನೆರಳೂ ದಾರಿ ತಪ್ಪುತ್ತದೆ, ಆಮೇಲೆ ಯಾರಿಗೆ ಏನು ಒಗ್ಗುತ್ತದೆ ಎಂದು ಶಿವನಿಗೂ ತಿಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಯಾರ ಮನೆಯಲ್ಲಿ ಹಾಗಾಯಿತು ಎಂದು ಕೇಳಿದರೆ ಹೆಸರು ಹೇಳುವವರಿರಲಿಲ್ಲ. ಏಳು ತಿಂಗಳು ತುಂಬಿದ ಮಗುವಿಗೆ ಗೋಡೆ ತೋರಿಸುವ ಶಾಸ್ತ್ರ ಮಾಡುತ್ತೇವೆ. ಮಗುವಿನ ನೆರಳು ಮನೆಯ ಕಾಳನ್ನು ಉಂಡರೆ ಸರಿ. ಉಣ್ಣದಿದ್ದರೆ, ಯಾವ ಕಾಳನ್ನು ಉಣ್ಣುತ್ತದೆಯೋ ಆ ಮನೆಗೆ ಮಗುವನ್ನು ಕೊಟ್ಟುಬಿಡಬೇಕಿತ್ತು. ಕೊಟ್ಟ ಮೇಲೆ ಹೆತ್ತವರು ಅದನ್ನು ಹಾದಿಯಲ್ಲಿ ಕಂಡರೂ ಮಾತಾಡಿಸುವಂತಿರಲಿಲ್ಲ. ಇದನ್ನು ಕ್ರೌರ್ಯ ಎಂದು ನಾವು ಅಂದುಕೊಂಡಿರಲಿಲ್ಲ. ಮಗು ಬದುಕಲಿ ಎಂದು ಮಾಡಿದ್ದು ಎಂದೇ ನಂಬಿದ್ದೆವು.

ನಾನು ಗೋಧಿಮನೆಯ ಮಗಳು, ಕೊಟ್ರವ್ವ. ಮದುವೆಯಾಗಿ ಇನ್ನೊಂದು ಗೋಧಿಮನೆಗೆ ಹೋದೆ. ಗಂಡನಿಗೂ ನನಗೂ ಕಾಳು ಹೊಂದಿತ್ತು, ಮಾತು ಹೊಂದಲಿಲ್ಲ. ನಾಲ್ಕೇ ವರ್ಷಕ್ಕೆ ನನ್ನ ತಟ್ಟೆ ಎತ್ತಿಕೊಂಡು ತಮ್ಮ ಹಾಲೇಶಿಯ ಮನೆಗೆ ವಾಪಸು ಬಂದೆ. ಬಂದವಳು ಸುಮ್ಮನೆ ಇರಲಿಲ್ಲ. ಅಡುಗೆಮನೆ ನನ್ನದು, ಹಿತ್ತಲು ನನ್ನದು, ಯಾರು ಎಷ್ಟು ತಿನ್ನಬೇಕು ಎಂಬ ತೀರ್ಮಾನವೂ ನನ್ನದು. ಹಾಲೇಶಿ ಮೆದು ಮನುಷ್ಯ. ಅವನಿಗೆ ನದಿಯಾಚೆಯ ಊರಿಂದ ತುಂಗಮ್ಮನನ್ನು ತಂದದ್ದೂ ನಾನೇ. ಆ ಊರಿನವರಿಗೆ ನೆರಳಿನ ಗೊಡವೆ ಇಲ್ಲ, ಅವರ ಗೋಡೆಗಳಲ್ಲಿ ಕ್ಯಾಲೆಂಡರ್ ತೂಗುತ್ತವೆ. ಬಂದ ಮರುದಿನ ತುಂಗಮ್ಮನನ್ನು ಗೋಡೆಯ ಮುಂದೆ ಕೂರಿಸಿ ಗೋಧಿ ರೊಟ್ಟಿ ಬಡಿಸಿದೆವು. ಅವಳ ನೆರಳು ಒಂದಿಷ್ಟೂ ನಾಚಿಕೊಳ್ಳದೆ ನಾಲ್ಕು ರೊಟ್ಟಿ ಉಂಡಿತು. ಕೂತವಳು ಮಾತ್ರ ತಲೆ ಎತ್ತಲಿಲ್ಲ. ಕಡಿಮೆ ಮಾತಿನ ಹೆಣ್ಣು. ನನ್ನಂಥ ಬಾಯಿಬಡುಕಿಯ ಜೊತೆ ಅವಳು ಹೇಗೆ ಏಗಿದಳೋ, ಒಂದು ದಿನವೂ ನಮಗೆ ಜಗಳವಾಗಲಿಲ್ಲ. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಎಂಟು ವರ್ಷ ಅವಳಿಗೆ ಮಕ್ಕಳಾಗಲಿಲ್ಲ. ಒಂಬತ್ತನೇ ವರ್ಷ ಪದುಮ ಹುಟ್ಟಿದಳು. ಆವತ್ತು ತುಂಗಮ್ಮ ಅತ್ತಳು, ನಾನೂ ಅತ್ತೆ. ಹಾಲೇಶಿ ಏನು ಮಾಡಬೇಕೆಂದು ತೋಚದೆ ಇಡೀ ಮನೆಗೆ ಮತ್ತೆ ಸುಣ್ಣ ಬಳಿದ.

ನಾನು ಮಾಡಿದ ತಪ್ಪನ್ನು ಹೇಳುವ ಮೊದಲು ಹೊನ್ನಜ್ಜಿಯ ವಿಷಯ ಹೇಳಬೇಕು. ಅವಳು ನಮ್ಮಪ್ಪನ ತಂಗಿ. ಗೋಧಿ ಒಗ್ಗದೆ ಏಳನೇ ತಿಂಗಳಿಗೇ ರಾಗಿಮನೆಗೆ ಹೋದವಳು. ನಮ್ಮ ಮನೆಯಲ್ಲಿ ಅವಳ ಹೆಸರೆತ್ತುತ್ತಿರಲಿಲ್ಲ, ಆದರೆ ಅವಳ ಮೂಗು ನಮ್ಮಪ್ಪನದೇ, ಅದನ್ನು ಮುಚ್ಚಿಡಲು ಯಾರಿಂದಲೂ ಆಗಲಿಲ್ಲ. ಸಂತೆಯ ದಿನ ಅವಳು ನಮ್ಮ ಬೀದಿಯಲ್ಲೇ ಹೋಗಬೇಕು. ನಮ್ಮಜ್ಜಿ ಆ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಕರೆಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಮಗಳು ತಿರುವಿನಲ್ಲಿ ಮರೆಯಾಗುವ ತನಕ ನಿಂತಿರುತ್ತಿದ್ದಳು. ನಾನು ಆರೇಳು ವರ್ಷದವಳು, ಅಜ್ಜಿಯ ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದೆ. ಅದನ್ನು ನೋಡಬಾರದಿತ್ತು. ನೋಡಿದ್ದು ಹೊಟ್ಟೆಯೊಳಗೆ ಉಳಿದುಬಿಟ್ಟಿತು.

ಪದುಮಳಿಗೆ ಏಳು ತಿಂಗಳಾಯಿತು. ಶಾಸ್ತ್ರಕ್ಕೆ ಮಗು ಸೋದರತ್ತೆಯ ತೊಡೆಯ ಮೇಲೆ ಕೂರಬೇಕು, ಅಂದರೆ ನನ್ನ ತೊಡೆಯ ಮೇಲೆ. ಬೀದಿಯವರೆಲ್ಲ ಬಂದಿದ್ದರು. ಗೋಡೆ ನೋಡಿ ಹೇಳುವವರು ಚನ್ನವೀರಜ್ಜ, ಊರಲ್ಲಿ ಅವರು ಉಂಡಿತು ಎಂದರೆ ಉಂಡಿತು. ನಾನು ಕಿಟಕಿಗೆ ಅಡ್ಡವಾಗಿ ಕೂತು, ಮಗುವನ್ನು ಮಂಡಿಯ ಮೇಲೆ ಮುಂದಕ್ಕೆ ಕೂರಿಸಿಕೊಂಡು, ಅದರ ಪುಟ್ಟ ಕೈಯನ್ನು ಗೋಧಿ ಪಾಯಸದಲ್ಲಿ ಅದ್ದಿ ಬಾಯಿಗೆ ತಂದೆ. ಮಗು ಚಪ್ಪರಿಸಿತು, ಇನ್ನೂ ಬೇಕು ಎಂದು ಕಾಲು ಬಡಿಯಿತು. ಗೋಡೆಯ ಮೇಲೆ ಅದರ ನೆರಳು ಅಲ್ಲಾಡದೆ ಕೂತಿತ್ತು. ಇನ್ನೊಂದು ಸಲ ಅದ್ದಿ ತಂದೆ. ಕೈ ಏಳಲಿಲ್ಲ. ಮೂರನೆಯ ಸಲಕ್ಕೆ ಚನ್ನವೀರಜ್ಜ ಮಾತಾಡಬೇಕು. ನಾನು ತುಂಗಮ್ಮನ ಕಡೆ ನೋಡಿದೆ. ಅವಳು ಬಾಗಿಲ ಬಳಿ ನಿಂತು, ಏನೂ ಗೊತ್ತಿಲ್ಲದೆ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

ನಾನು ಬಾಗಿದೆ. ಮಗುವಿನ ನೆತ್ತಿಗೆ ಮುತ್ತಿಡುವವಳಂತೆ ಮುಂದಕ್ಕೆ ಬಾಗಿ, ನನ್ನ ಬೆರಳಿಗೆ ಅಂಟಿದ್ದ ಪಾಯಸವನ್ನು ನೆಕ್ಕಿದೆ. ಗೋಡೆಯ ಮೇಲೆ ನನ್ನ ನೆರಳು ಮಗುವಿನ ನೆರಳನ್ನು ಮುಚ್ಚಿತು, ಆ ಕಪ್ಪಿನೊಳಗಿಂದ ಒಂದು ಕೈ ಎದ್ದು ಬಾಯಿಗೆ ಹೋಯಿತು. ಚನ್ನವೀರಜ್ಜ, "ಉಂಡಿತು," ಅಂದರು. ಅವರಿಗೆ ಆಗಲೇ ಕಣ್ಣು ಮಂಜಾಗುತ್ತಿತ್ತು. ಹೆಂಗಸರು ಹಾಡು ಹೇಳಿದರು. ತುಂಗಮ್ಮ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದವನ್ನೂ ಮಾಡಿದೆ.

ಮಕ್ಕಳಿಗೆ ಹಲ್ಲು ಬೇಗ ಬರುವುದೂ ಉಂಟು, ತಡವಾಗಿ ಬರುವುದೂ ಉಂಟು, ನೆರಳೂ ಹಾಗೇ ತಡವಾಗಿ ಕಲಿಯಬಹುದು ಎಂದು ಆವತ್ತು ನನಗೆ ನಾನೇ ಹೇಳಿಕೊಂಡೆ. ಐದು ವರ್ಷದ ತನಕ ನಮ್ಮಲ್ಲಿ ಮಕ್ಕಳು ದೊಡ್ಡವರ ತೊಡೆಯ ಮೇಲೆಯೇ ಉಣ್ಣುವುದು. ಹಾಗಾಗಿ ನನಗೆ ಅನುಕೂಲವೇ ಆಯಿತು. "ನೀನು ಮನೆ ಕೆಲಸ ನೋಡ್ಕೊ ತುಂಗಾ, ಮಗು ಊಟ ನಂಗಿರ್ಲಿ," ಅಂದೆ. ಅವಳು ಕೃತಜ್ಞತೆಯಿಂದ, "ನೀವಿಲ್ದಿದ್ರೆ ನಾನೇನ್ ಮಾಡ್ತಿದ್ನೋ ಅಕ್ಕ," ಅಂದಳು. ದಿನವೂ ಗೋಡೆಗೆ ಬೆನ್ನು ಕೊಟ್ಟು ಕೂತು, ಮಗುವನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ತಿನಿಸಿದೆ. ಆ ಮಗು ತಿಂದ ಗೋಧಿಯ ಪ್ರತಿ ತುತ್ತೂ ನನ್ನ ಕೈಯಿಂದಲೇ ಹೋಯಿತು. ಆಗಾಗ ತಡೆಯಲಾರದೆ ಸೆರಗು ಸರಿಸಿ, ತಿರುಗಿ ಗೋಡೆ ನೋಡುತ್ತಿದ್ದೆ. ಆ ಪುಟ್ಟ ಕೈ ಯಾವತ್ತೂ ಏಳಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಶುರುವಾಯಿತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಭೇದಿಯಾಗಿ ಹೋಗುತ್ತಿತ್ತು. ಹೊಟ್ಟೆ ಮುಂದಕ್ಕೆ ಬಂತು, ಕೈಕಾಲು ಕಡ್ಡಿಯಾಯಿತು, ಕೂದಲು ತೆಳ್ಳಗಾಯಿತು. ಮುಖದಲ್ಲಿ ನಗು ಅನ್ನುವುದೇ ಇರಲಿಲ್ಲ. ಊರಿನ ಪಂಡಿತರು ಬಂದು ಹೊಟ್ಟೆಹುಳಕ್ಕೆ ಕಷಾಯ ಕೊಟ್ಟರು. ಅವರು ಮಂಡಿನೋವಿಗೂ ಅದೇ ಕಷಾಯ ಕೊಡುತ್ತಾರೆ. ತುಂಗಮ್ಮ ದೃಷ್ಟಿ ತೆಗೆದಳು, ಹರಕೆ ಹೊತ್ತಳು, ತಾನೇ ಊಟ ಬಿಟ್ಟಳು. ನಾನು ಕದ್ದುಮುಚ್ಚಿ ನನ್ನದೇ ಉಪಾಯ ಮಾಡುತ್ತಿದ್ದೆ. ಗೋಧಿ ಕಡಿಮೆ ಮಾಡಿ ಬೇಳೆಕಟ್ಟು, ಬಾಳೆಹಣ್ಣು, ಕುಂಬಳಕಾಯಿ ಬೇಯಿಸಿದ್ದು ಹೆಚ್ಚಿಗೆ ತಿನಿಸುತ್ತಿದ್ದೆ. ನಾಲ್ಕು ದಿನ ಮಗು ಗೆಲುವಾಗುತ್ತಿತ್ತು. ಆಮೇಲೆ ಎಲ್ಲರ ತಟ್ಟೆಯಲ್ಲಿ ರೊಟ್ಟಿ ಕಂಡು ಅಳುತ್ತಿತ್ತು, ತುಂಗಮ್ಮ ಒಳಗಿಂದ, "ಮಗೀಗೆ ರೊಟ್ಟಿ ಕೊಡಿ ಅಕ್ಕ, ಶಕ್ತಿ ಬರ್ಲಿ," ಎನ್ನುತ್ತಿದ್ದಳು. ನಾನು ಕೊಡುತ್ತಿದ್ದೆ.

ಪದುಮಳಿಗೆ ಮೂರು ತುಂಬಿದಾಗ ತುಂಗಮ್ಮನ ಅಪ್ಪನಿಗೆ ಹುಷಾರಿಲ್ಲವೆಂದು ಹೇಳಿ ಕಳಿಸಿದರು. ಅವಳು ಮಗುವನ್ನು ಕರೆದುಕೊಂಡು ಹೋದವಳು ಎರಡು ತಿಂಗಳು ತವರಲ್ಲೇ ಉಳಿದಳು. ವಾಪಸು ಬಂದಾಗ ಬಂಡಿಯಿಂದ ಇಳಿದ ಮಗುವನ್ನು ನಾನು ಗುರುತಿಸಲಿಲ್ಲ. ಕೆನ್ನೆ ತುಂಬಿತ್ತು, ಕಣ್ಣಲ್ಲಿ ಹೊಳಪಿತ್ತು. "ಅತ್ತೆ," ಎಂದು ಅಂಗಳದ ಆ ತುದಿಯಿಂದ ಓಡಿಬಂದು ನನ್ನ ಕಾಲು ತಬ್ಬಿಕೊಂಡಳು. ನಾನು ಅವಳು ಓಡಿದ್ದನ್ನು ಕಂಡದ್ದು ಅದೇ ಮೊದಲು. "ಅಲ್ಲೇನ್ ಊಟ ಮಾಡ್ತಿದ್ಲು?" ಎಂದು ಕೇಳಿದೆ. "ಅನ್ನ, ಜೋಳದ ಮುದ್ದೆ. ನಮ್ಮ ಕಡೆ ಗೋಧಿ ಹಬ್ಬಕ್ಕಷ್ಟೇ. ನೀರು ಒಗ್ತು ಅನ್ಸುತ್ತೆ ಅಕ್ಕ," ಅಂದಳು ತುಂಗಮ್ಮ. ಎರಡೇ ತಿಂಗಳಿಗೆ ನಮ್ಮ ರೊಟ್ಟಿ ತಿಂದು ಆ ಕೆನ್ನೆ ಮತ್ತೆ ಇಳಿಯಿತು. ನೀರಿನ ಮೇಲೆ ಹಾಕಿ ಸುಮ್ಮನಿರಲು ತುಂಗಮ್ಮನಿಗೆ ಸಾಧ್ಯವಿತ್ತು, ಅವಳಿಗೆ ಗೊತ್ತಿರಲಿಲ್ಲ. ನನಗೆ ಸಾಧ್ಯವಿರಲಿಲ್ಲ. ಆದರೂ ಸುಮ್ಮನಿದ್ದೆ.

ಒಂದು ದಿನ ತಡೆಯಲಾರದೆ ಚನ್ನವೀರಜ್ಜನ ಹತ್ತಿರ ಹೋದೆ. ಅವರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸುತ್ತಿ ಬಳಸಿ ಕೇಳಿದೆ. "ಅಜ್ಜ, ಅಪ್ಪ ಅವ್ವ ಇಬ್ರ ನೆರಳೂ ಗೋಧಿ ಉಂಡ್ರೂ ಮಗೀನ ನೆರಳು ಬ್ಯಾಡ ಅನ್ನಬೋದಾ?" ಅವರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು. "ಅನ್ನಬೋದು. ಅಪ್ಪನ ಕಡೆಯಿಂದ ಒಂದು ಚೂರು, ಅವ್ವನ ಕಡೆಯಿಂದ ಒಂದು ಚೂರು. ಬಿಡಿಬಿಡಿಯಾಗಿ ಇರೋ ತನಕ ಅವರ ಮೈಯಾಗೆ ಅದು ನಿದ್ದೆ ಮಾಡ್ತಿರ್ತದೆ. ಮಗೀನ ಮೈಯಾಗೆ ಎರಡೂ ಕೂಡಿದ್ರೆ ಏಳ್ತದೆ. ಅಜ್ಜಿ ಮುತ್ತಜ್ಜಿದು ಮೊಮ್ಮಗಳಿಗೆ ಬರೋದು ಹಂಗೇ." ನಾನು ಕೇಳಿದೆ, "ಅದು ರಕ್ತದ ದೋಷ ಅಲ್ವಾ ಅಜ್ಜ?" ಅವರು ತಲೆಯಾಡಿಸಿದರು. "ರಕ್ತದಾಗೂ ದೋಷ ಇಲ್ಲ, ಗೋಧ್ಯಾಗೂ ಇಲ್ಲ. ಆ ರಕ್ತಕ್ಕೆ ಆ ಗೋಧಿ ಸಿಕ್ಕಾಗ ಐತೆ. ಗೋಧಿ ಮುಟ್ಟಿಸ್ದೇ ಇದ್ರೆ ಆ ಮಗು ಎಲ್ಲಾ ಮಕ್ಕಳಂಗೇ ಇರ್ತದೆ." "ಹಂಗಾದ್ರೆ ಬೇರೆ ಕಾಳು ಹಾಕಿದ್ರೆ ಆಯ್ತಲ್ಲ," ಅಂದೆ. "ಬೇರೆ ಕಾಳು ಅಂದ್ರೆ ಬೇರೆ ಮನೆ. ನಿಂಗೆ ಗೊತ್ತಿಲ್ದೇ ಇರೋದಾ? ಯಾಕೆ ಕೇಳ್ತಿ?" ಎಂದು ಅವರು ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದರು. "ಸುಮ್ನೆ," ಅಂದು ಎದ್ದುಬಂದೆ.

ಆ ಅಜ್ಜ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ನನ್ನ ಕಿವಿಗೆ ಹೊಕ್ಕದ್ದು ಬೇರೆ ಮನೆ ಎಂಬ ಎರಡು ಪದ ಮಾತ್ರ. ದಾರಿಯುದ್ದಕ್ಕೂ ತುಂಗಮ್ಮ ಬಾಗಿಲಲ್ಲಿ ನಿಂತಿರುವುದೇ ಕಣ್ಣಿಗೆ ಕಟ್ಟುತ್ತಿತ್ತು. ಅವಳನ್ನು ಆ ಗತಿಗೆ ತರಲಾರೆ, ಮಗುವನ್ನು ಹೇಗೋ ಸಾಕಿಕೊಳ್ಳುತ್ತೇನೆ ಎಂದುಕೊಂಡೆ. ನಾನೇ ಅವಳನ್ನು ಕಾಯುತ್ತಿದ್ದೇನೆ ಎಂಬ ಹೆಮ್ಮೆಯೂ ನನಗಿತ್ತು, ಈಗ ಹೇಳಲು ನಾಚಿಕೆಯಾಗುತ್ತದೆ.

ನಾಲ್ಕು ತುಂಬುವ ಹೊತ್ತಿಗೆ ಪದುಮಳ ಕಾಲುಗಳು ಮಂಡಿಯ ಬಳಿ ಹೊರಕ್ಕೆ ಬಾಗತೊಡಗಿದವು. ಮೂಳೆಗೆ ಸಾರ ಸಿಗುತ್ತಿಲ್ಲ ಎಂದು ಪಂಡಿತರು ಈ ಸಲ ಬೇರೆ ಕಷಾಯ ಕೊಟ್ಟರು. ಯಾರೋ ನೆರೆಯವಳು ತುಂಗಮ್ಮನಿಗೆ, ಮನೆಯ ಕಾಳು ಸಾಲುತ್ತಿಲ್ಲ, ನಲವತ್ತೆಂಟು ದಿನ ಬಿಡದೆ ತುಪ್ಪ ಸುರಿದು ಗೋಧಿ ಹುಗ್ಗಿ ತಿನಿಸು ಎಂದು ಹೇಳಿಕೊಟ್ಟಿದ್ದಳು. ಒಂದು ಬೆಳಗ್ಗೆ ನಾನು ಹಿತ್ತಲಿಂದ ಬರುವಾಗ ತುಂಗಮ್ಮ ಒಲೆಯ ಮುಂದೆ ಕೂತು ಹುಗ್ಗಿ ತಿರುವುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳು ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಮಗು ಚಾಪೆಯ ಮೇಲೆ ಮಲಗಿತ್ತು. ತಲೆ ಎತ್ತುವ ತ್ರಾಣವಿಲ್ಲ, ಆದರೂ ಬೆಲ್ಲದ ವಾಸನೆಗೆ ಕಣ್ಣು ಪಾತ್ರೆಯ ಮೇಲೇ ಇತ್ತು. ಇಷ್ಟು ದಿನ ನನ್ನ ಕೈಯಿಂದ ಹೋದದ್ದು ಸಾಲದೆಂದು ಗೋಧಿ ಈಗ ಇವಳ ಕೈಯಿಂದಲೂ ಹೋಗುತ್ತದೆ ಎಂದು ಅನ್ನಿಸಿತು.

"ಇಳಿಸು ತುಂಗಾ. ಅದು ಮಗೀಗೆ ಆಗಲ್ಲ," ಅಂದೆ.

ಅವಳು ಸೌಟು ನಿಲ್ಲಿಸಿ ನನ್ನನ್ನು ನೋಡಿದಳು. ನಿಂತಲ್ಲೇ ಎಲ್ಲ ಹೇಳಿದೆ. ಗೋಡೆ, ಪಾಯಸ, ನಾನು ಬಾಗಿದ್ದು. ಅವಳು ಪಾತ್ರೆಯನ್ನು ಇಳಿಸಿ, ಸೌದೆ ಹಿಂದಕ್ಕೆಳೆದು, ಕೈ ಒರೆಸಿಕೊಂಡಳು. "ಯಾವತ್ತಿಂದ ಗೊತ್ತು?" ಎಂದು ಕೇಳಿದಳು. "ಮೊದಲ್ನೇ ದಿನದಿಂದ." "ತವರಿಂದ ಬಂದಾಗ್ಲೂ ಗೊತ್ತಿತ್ತಾ?" "ಗೊತ್ತಿತ್ತು." "ಯಾಕೆ ಹೇಳ್ಲಿಲ್ಲ ಅಕ್ಕ?" ನಾನು ಅಳುತ್ತಾ, "ಹೇಳಿದ್ರೆ ಮಗೀನ ಒಯ್ತಿದ್ರು ಕಣೆ. ಎಂಟು ವರ್ಷ ಕಾದು ಹೆತ್ತವಳು ನೀನು, ಜೋಳದಮನೆಗೋ ರಾಗಿಮನೆಗೋ ಕೊಟ್ಬಿಟ್ಟು ಹ್ಯಾಂಗಿರ್ತಿದ್ದೆ," ಅಂದೆ.

ತುಂಗಮ್ಮ ಹೋಗಿ ಮಗುವಿನ ಪಕ್ಕ ಕೂತಳು. ದನಿ ಏರಿಸದೆ ಹೇಳಿದಳು. "ನಮ್ಮಣ್ಣಂಗೆ ಗೋಧಿ ಆಗ್ತಿರ್ಲಿಲ್ಲ ಅಕ್ಕ. ಹಬ್ಬದ ದಿನ ನಾವೆಲ್ಲ ಹೋಳಿಗೆ ತಿಂದ್ರೆ ನಮ್ಮವ್ವ ಅವನಿಗೆ ಅಂತ ಹಿತ್ಲಾಗೆ ಬೇರೆ ಒಲೆ ಹಚ್ಚಿ ಅಕ್ಕಿ ಕಡುಬು ಮಾಡೋಳು. ನಮ್ಮೂರಾಗೆ ಇದೊಂದು ಮಾತೇ ಅಲ್ಲ. ನಿಮ್ಮ ಗೋಡೆ ಮೇಲೆ ಉಂಡಿತು ಅಂದಿದ್ಕೆ ನಂಗೆ ಗೋಧಿ ಮೇಲೆ ಅನುಮಾನ ಬರ್ಲಿಲ್ಲ. ನಂಗೊಂದು ಮಾತು ಹೇಳಿದ್ರೆ ಅವತ್ತೇ ಮೂರು ಕಲ್ಲಿಟ್ಟು ಇನ್ನೊಂದು ಒಲೆ ಹೂಡ್ತಿದ್ದೆ. ಯಾರನ್ನೂ ಕೇಳ್ತಿರ್ಲಿಲ್ಲ."

ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೆವು. ಅವಳ ತವರಲ್ಲಿ ಯಾರಿಗೆ ಏನು ಒಗ್ಗುತ್ತಿತ್ತು, ಒಗ್ಗದಿದ್ದರೆ ಏನು ಮಾಡುತ್ತಿದ್ದರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳು ಕಡಿಮೆ ಮಾತಿನವಳು ಎಂದು ಊರಿಗೆಲ್ಲ ಹೇಳುತ್ತಿದ್ದೆ. ಅವಳಿಗೆ ಮಾತಾಡಲು ನಾನು ಸಂದು ಕೊಟ್ಟಿದ್ದರೆ ತಾನೆ. ಅವಳ ಮಗುವಿನ ಬಗ್ಗೆ ಅವಳನ್ನು ಬಿಟ್ಟು ತೀರ್ಮಾನ ಮಾಡಿದೆ, ಅದನ್ನು ಪ್ರೀತಿ ಎಂದುಕೊಂಡೆ. ಪ್ರೀತಿಯೇ ಇದ್ದಿರಬಹುದು. ಮಗುವಿನ ಕಾಲು ಬಾಗಿದ್ದೂ ಅದರಿಂದಲೇ.

ಅವಳು ಎದ್ದು ಹಿತ್ತಲಿಗೆ ಹೋಗಿ ಬಚ್ಚಲಿನ ಪಕ್ಕ ಮೂರು ಕಲ್ಲಿಟ್ಟಳು. ಹಾಡಹಗಲೇ ಬೀದಿ ದಾಟಿ ಜೋಳದಮನೆಯಿಂದ ಒಂದು ಸೇರು ಹಿಟ್ಟು ಕೇಳಿ ತಂದಳು. ಮರುದಿನ ಬೆಳಗ್ಗೆ ಬಿಸಿಲು ಗೋಡೆಗೆ ಬಂದಾಗ ಮಗುವನ್ನು ತಾನೇ ತೊಡೆಯ ಮೇಲೆ ಕೂರಿಸಿಕೊಂಡು ಜೋಳದ ಅಂಬಲಿ ಕುಡಿಸಿದಳು. ನಾನು ಬಾಗಿಲ ಆಚೆ ನಿಂತು ನೋಡಿದೆ. ಗೋಡೆಯ ಮೇಲೆ ಆ ಪುಟ್ಟ ಕೈ ಎದ್ದಿತು. ಮತ್ತೆ ಎದ್ದಿತು. ನಾಲ್ಕು ವರ್ಷ ಹಸಿದಿದ್ದ ನೆರಳು, ಮಗುವಿಗಿಂತ ಮುಂಚೆ ಅದೇ ಬಾಯಿಗೆ ಕೈ ಒಯ್ಯುತ್ತಿತ್ತು. ಹಾಲೇಶಿ ನನ್ನ ಪಕ್ಕ ಬಂದು ನಿಂತ. "ನನ್ನನ್ನಾದ್ರೂ ಕೇಳಬೋದಿತ್ತಕ್ಕ," ಅಂದ. ಜನ್ಮದಲ್ಲಿ ಅವನು ನನಗೆ ಆಡಿದ ಗಟ್ಟಿ ಮಾತು ಅದೊಂದೇ.

ಸುದ್ದಿ ನಿಲ್ಲುತ್ತದೆಯೇ. ಸಂಜೆಯೊಳಗೆ ಚನ್ನವೀರಜ್ಜ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಮಗುವನ್ನು ಜೋಳದಮನೆಗೆ ಕೊಡಬೇಕು, ಹಿತ್ತಲ ಕಲ್ಲು ಕೀಳಬೇಕು ಎಂದರು. ತುಂಗಮ್ಮ, "ಕೊಡಲ್ಲ," ಎಂದವಳೇ ಒಳಗೆ ಹೋದಳು. ಆಗ ಹಾಲೇಶಿ ಬಾಗಿಲಿಗೆ ಅಡ್ಡ ಕೂತ. "ಎರಡು ಒಲೆ ಹಚ್ಚಿದ್ರೆ ನೆರಳು ದಾರಿ ತಪ್ತದೆ ಅಂತೀರಲ್ಲ ಅಜ್ಜ, ದಿನಾ ಬಂದು ನಮ್ಮ ಗೋಡೆ ನೋಡಿ. ತಪ್ಪಿದ ದಿನ ಮಗೀನ ನಾನೇ ಎತ್ತಿ ಕೊಡ್ತೀನಿ," ಅಂದ. ಅಜ್ಜ ಒಪ್ಪಿದರು. ಇಪ್ಪತ್ತೊಂದು ದಿನ ಬೆಳಗ್ಗೆ ಬಂದು ನಮ್ಮ ಊಟದ ಕೋಣೆಯಲ್ಲಿ ಕೂತರು. ತಮ್ಮ ಕಣ್ಣಿನ ಮೇಲೆ ನಂಬಿಕೆಯಿಲ್ಲದೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳುತ್ತಿದ್ದರು. ನಮ್ಮ ಮೂವರ ನೆರಳು ಎಂದಿನಂತೆ ಗೋಧಿ ಉಂಡಿತು, ಪದುಮಳದು ಜೋಳ ಉಂಡಿತು. ಇಪ್ಪತ್ತೆರಡನೇ ದಿನ ಅಜ್ಜ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಹೇಳಿ ಕಳಿಸಲೂ ಇಲ್ಲ.

ಅವತ್ತು ಬಂದವಳು ಹೊನ್ನಜ್ಜಿ. ಎಪ್ಪತ್ತರ ಮುದುಕಿ, ಕೋಲೂರಿಕೊಂಡು ನಮ್ಮ ಹೊಸ್ತಿಲು ದಾಟಿದಳು. ಏಳು ತಿಂಗಳ ಕೂಸಾಗಿ ಆಚೆ ಹೋದವಳು ಮತ್ತೆ ಒಳಗೆ ಬಂದದ್ದು ಅವತ್ತೇ. ಯಾರನ್ನೂ ಮಾತಾಡಿಸದೆ ಅಡುಗೆಮನೆಯ ಒಲೆಯ ಬಳಿ ಸ್ವಲ್ಪ ಹೊತ್ತು ನಿಂತಳು. ಅಲ್ಲಿಂದ ಹಿತ್ತಲ ಒಲೆಯ ತನಕ ನಡೆದಳು. ನಡೆಯುವಾಗ ತುಟಿ ಅಲ್ಲಾಡುತ್ತಿತ್ತು. ಹೆಜ್ಜೆ ಎಣಿಸುತ್ತಿದ್ದಾಳೆ ಎಂದು ಆಮೇಲೆ ತಿಳಿಯಿತು. "ಹದಿನಾಲ್ಕೇ ಹೆಜ್ಜೆ," ಅಂದಳು. ನನ್ನ ಕಡೆ ತಿರುಗಿ, "ನಮ್ಮವ್ವ ಸಾಯೋವಾಗ ನನ್ನ ಕೇಳಿದ್ಲಾ?" ಎಂದು ಕೇಳಿದಳು. ಕೇಳಿದ್ದಳು. ನಾನೇ ಪಕ್ಕದಲ್ಲಿದ್ದೆ. ಹೌದು ಎಂದೆ. ಅವಳು ತಲೆಯಾಡಿಸಿ, ಕೋಲೂರಿಕೊಂಡು, ಬಂದ ದಾರಿಯಲ್ಲೇ ಹೋದಳು.

ಈಗ ಊರಿನ ಹಿತ್ತಲುಗಳಲ್ಲಿ ಅಲ್ಲಲ್ಲಿ ಮೂರು ಕಲ್ಲು ಕಾಣುತ್ತವೆ. ಮಕ್ಕಳನ್ನು ಕೊಡುವುದು ನಿಂತಿದೆ. ಕೆಲವರು ನನ್ನನ್ನು ಹೊಗಳುವುದೂ ಉಂಟು, ನೀನು ಅವತ್ತು ಬಾಗದಿದ್ದರೆ ಮಗು ಕೈಬಿಟ್ಟು ಹೋಗುತ್ತಿತ್ತು ಎನ್ನುತ್ತಾರೆ. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ. ಪದುಮಳ ಮೈ ತುಂಬಿತು, ಕೂದಲು ಬೆಳೆಯಿತು, ನಗುವೂ ಬಂತು. ಕಾಲು ಮಾತ್ರ ನೆಟ್ಟಗಾಗಲಿಲ್ಲ. ಬೆಳೆಯುವ ಕಾಲದಲ್ಲಿ ಸಾರ ಸಿಗದ ಮೂಳೆ, ಇನ್ನು ಹಾಗೇ ಎಂದು ಪಂಡಿತರು ಕಷಾಯವನ್ನೂ ನಿಲ್ಲಿಸಿದರು. ಅವಳು ಓಡುತ್ತಾಳೆ, ಆದರೆ ಮಿಕ್ಕ ಮಕ್ಕಳು ಗುರಿ ಮುಟ್ಟಿ ವಾಪಸು ಬರುವಾಗ ಇವಳಿನ್ನೂ ಅರ್ಧ ದಾರಿಯಲ್ಲಿರುತ್ತಾಳೆ.

ತುಂಗಮ್ಮ ನನ್ನನ್ನು ಮನೆ ಬಿಡು ಎನ್ನಲಿಲ್ಲ, ಮಾತು ಬಿಡಲಿಲ್ಲ. ಪದುಮ ಶಾಲೆಯಿಂದ ಬಂದದ್ದೇ ನನ್ನ ತೊಡೆಯ ಮೇಲೆ ಕೂತು ಕಥೆ ಕೇಳುವುದಕ್ಕೂ ಅಡ್ಡಿ ಮಾಡಲಿಲ್ಲ. ಊಟದ ಹೊತ್ತಾದರೆ ಬಂದು, "ಬಾ ಪದುಮ," ಎಂದು ಕರೆದುಕೊಂಡು ಹೋಗುತ್ತಾಳೆ, ಅಷ್ಟೇ. ನಾನೂ ತಿನಿಸಲೇ ಎಂದು ಕೇಳುವುದಿಲ್ಲ.

ಪದುಮಳಿಗೆ ಮೊನ್ನೆ ಎಂಟು ತುಂಬಿತು. ಯಾರೋ ಆಟದಲ್ಲಿ ಅವಳ ನಡಿಗೆ ಅಣಕಿಸಿದ್ದರಂತೆ. ಬಂದು ತೊಡೆಯ ಮೇಲೆ ಕೂತು, "ಅತ್ತೆ, ನನ್ನ ಕಾಲು ಯಾಕೆ ಹಿಂಗೈತೆ?" ಎಂದು ಕೇಳಿದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹುಟ್ಟಿದಾಗಲೇ ಹಾಗಿತ್ತು ಎನ್ನಬಹುದಿತ್ತು, ತುಂಗಮ್ಮ ಬಂದು ಅಲ್ಲ ಎನ್ನುತ್ತಿರಲಿಲ್ಲ. ಆದರೆ ಒಮ್ಮೆ ಮುಚ್ಚಿಟ್ಟು ಆದ ಅನಾಹುತ ಸಾಕಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ, "ನಂಗೆ ಹೊಟ್ಟೆ ನೋಯ್ತಿದ್ದಾಗ, ಯಾಕೆ ನೋಯ್ತೈತೆ ಅಂತ ನಿಂಗೆ ಗೊತ್ತಿತ್ತಾ ಅತ್ತೆ?" ಎಂದು ಕೇಳಿದಳು.

"ಗೊತ್ತಿತ್ತು," ಅಂದೆ.

ಅವಳು ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ತೊಡೆಯಿಂದ ಇಳಿದು ಅವ್ವನ ಹತ್ತಿರ ಹೋದಳು. ಮರುದಿನ ಎಂದಿನಂತೆ ಶಾಲೆಯಿಂದ ಬಂದು ಕಥೆ ಹೇಳು ಎಂದಳು. ಆದರೆ ತೊಡೆಯ ಮೇಲೆ ಕೂರಲಿಲ್ಲ, ಒಂದು ಗೇಣು ಬಿಟ್ಟು ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ತುಂಗಮ್ಮ ಅದನ್ನು ನೋಡಿದಳು. ಆಮೇಲೆ ನಾವಿಬ್ಬರೇ ಇದ್ದಾಗ, "ಎಂಟು ವರ್ಷ ಆಯ್ತಲ್ಲ ಅಕ್ಕ, ತೊಡೆ ಮೇಲೆ ಕೂರೋ ವಯಸ್ಸು ಮುಗೀತು," ಅಂದಳು. ನನಗೆ ಸಮಾಧಾನವಾಗಲಿ ಎಂದು ಹೇಳಿದ್ದು ಅದು. ಹೌದು ಎಂದೆ.